ಒಂದೇ ಮುಖ, ಬೇರೆ ಹಣೆ

"ಎರಡರಾಗೂ ಮುಖ ಒಂದ ಅದರಿ, ಹಣಿ ಅಷ್ಟ ಬ್ಯಾರೆ ಅದ," ಅಂದಳು ಹುಡುಗಿ ಬಸವಣ್ಣೆವ್ವ. ಈರಬಸಪ್ಪ ಮಾಸ್ತರರು ಗೋಡೆಗೆ ಹಚ್ಚಿದ್ದ ಎರಡೂ ಹ್ಯಾಂಡ್‌ಬಿಲ್ಲಿನಲ್ಲಿ ನಗುತ್ತಿದ್ದವನು ಒಬ್ಬನೇ, ೧೯೩೮ರ ಮುನಸಿಪಾಲ್ಟಿ ಚುನಾವಣೆಗೆ ನಿಂತ ಉಮೇದುವಾರ. ಮರಾಠಿ ಹಾಳೆಯಲ್ಲಿ ಅವನ ಹಣೆಗೆ ಗಂಧದ ಬೊಟ್ಟು. ಕನ್ನಡದ ಹಾಳೆಯಲ್ಲಿ ಮೂರು ಬೆರಳ ವಿಭೂತಿ.

ಮಾಸ್ತರರು ಹಿಗ್ಗಿದರು. ಮರಾಠಿ ಊರಿನ ಸದಾಶಿವ ಪೇಠೆಯ, ಹಲವು ಸಂಸಾರಗಳಿದ್ದ ಈ ವಾಡೆಯಲ್ಲಿ ದಿನಾ ಬೆಳಿಗ್ಗೆ ಕನ್ನಡದ ಮಕ್ಕಳನ್ನು ಕೂಡಿಸಿಕೊಂಡು ಅವರು ಹೆಣಗುತ್ತಿದ್ದದ್ದೇ ಇದಕ್ಕೆ: ಅಚ್ಚಾದದ್ದನ್ನೆಲ್ಲ ನಂಬಬಾರದು.

"ಶಾಬಾಸ್! ಯಾಕ ಹಿಂಗ ಮಾಡ್ಯಾನ, ಹೇಳ್ರಿ ನೋಡೋಣು?"

"ಎಲ್ಲಾರ ಕಡೆ ನಮ್ಮಾಂವ ಅನಿಸ್ಕೊಳ್ಳಾಕ್ರಿ!"

"ಇಂಥಾಂವಗ ಏನಂತಾರ?"

"ಮೋಸಗಾರ!" ಮಕ್ಕಳೆಲ್ಲ ಕೂಗಿದರು.

ಬಸವಣ್ಣೆವ್ವ ಕೂಗಲಿಲ್ಲ. ಅವಳ ಮನೆ ಅದೇ ವಾಡೆಯಲ್ಲಿ, ಅಂಗಳದ ನಳದ ಎದುರಿಗೇ ಇತ್ತು. "ಮಾಸ್ತರ, ನೀವೂ ದಿನಾ ಮರಾಠಿ ಸಾಲಿಗೆ ನೌಕರಿಗೆ ಹೋಗೂಮುಂದ ನಳದಾಗ ವಿಭೂತಿ ತೊಳ್ಕೊಂಡ ಹೋಗ್ತೀರಲ್ರಿ, ಅದ್ಯಾಕ್ರಿ?" ದನಿಯಲ್ಲಿ ಕೊಂಕಿರಲಿಲ್ಲ. ತಿಳಿಯಬೇಕಿತ್ತು, ಅಷ್ಟೇ.

ನೌಕರಿಯ ಮೊದಲ ದಿನ ಅಲ್ಲಿಯ ಹೆಡ್‌ಮಾಸ್ತರರು ತಮ್ಮ ಹಣೆಯ ವಿಭೂತಿ ನೋಡಿ ನಕ್ಕದ್ದನ್ನು ಮಕ್ಕಳಿಗೆ ಹೇಗೆ ಹೇಳುವುದು? ಮಾಸ್ತರರು ಟೊಪ್ಪಿಗೆ ಬಗಲಿಗೆ ಸಿಕ್ಕಿಸಿಕೊಂಡು ಅಂಗಳಕ್ಕಿಳಿದರು. ಹೊತ್ತಾಗಿತ್ತು. ರೂಢಿಯಂತೆ ನಳ ತಿರುವಿ ಬೊಗಸೆಯೊಡ್ಡಿದರು. ಬೊಗಸೆ ತುಂಬಿ ನೀರು ಕಾಲ ಮೇಲೆ ಸುರಿಯುತ್ತಲೇ ಇತ್ತು, ಕೈ ಹಣೆಗೇರಲಿಲ್ಲ. ಕಿಟಕಿಯ ತುಂಬ ಮಕ್ಕಳು ಅವರ ಹಣೆಯನ್ನೇ ನೋಡುತ್ತಿದ್ದರು, ಅವರೇ ಕಲಿಸಿದ ಹಾಗೆ.