ಇನ್ನೊಬ್ಬ ಸ್ಲೇಟರ್

“ಇವಳು ನನ್ನ ಅಮ್ಮ ಅಲ್ಲ,” ಎಂದು ಜಾರ್ಜ್ ಸ್ಲೇಟರ್ ಮೇಜಿನ ಮೇಲಿದ್ದ ಮರಣಪತ್ರದ ನಕಲನ್ನು ಪೂರ್ತಿ ಓದದೆಯೇ ಹಿಂದಕ್ಕೆ ತಳ್ಳಿದ. “ಸಾವುಗಳ ಸೂಚಿಪಟ್ಟಿಯಲ್ಲಿ ಈ ಹೆಸರು ಎಷ್ಟೋ ಸಲ ನೋಡಿದ್ದೀನಿ. ಬೆಥಿಯಾ ಸ್ಲೇಟರ್, ತವರಿನ ಹೆಸರು ಮೇರ್, ಅಬರ್ಡೀನ್. ಸ್ಲೇಟರ್ ಆಗೇ ಸತ್ತವಳು ನಂಗೆ ಬೇಡ, ಊನಾ. ನಮ್ಮಮ್ಮ ಇನ್ನೊಂದು ಮದುವೆ ಆದವಳು.”

ಪೋರ್ಟ್‌ನಾಕಿ ಎಂಬ ಕಡಲೂರಿನ ಮೀನುಗಾರರ ಭವನದ ಮಹಡಿಯಲ್ಲಿ ಪ್ರತಿ ಶನಿವಾರ ವಂಶಾವಳಿ ಹುಡುಕುವವರ ಕೂಟ ಸೇರುತ್ತದೆ. ಅದನ್ನು ನಡೆಸುವವಳು ನಿವೃತ್ತ ಅಂಚೆ ನೌಕರಳಾದ ಊನಾ ಗೆಡ್ಡಿಸ್. ದೋಣಿ ಕಟ್ಟುವ ಕೆಲಸ ಬಿಟ್ಟಾಗಿನಿಂದ ಜಾರ್ಜ್ ಅಲ್ಲಿಗೆ ಬರುತ್ತಿದ್ದ. ಅವನ ಅಪ್ಪ ದೋಣಿಯೊಂದಿಗೆ ಮುಳುಗಿದಾಗ ಅವನಿನ್ನೂ ತೊದಲು ಮಾತಿನ ಹುಡುಗ. ಮಗುವನ್ನು ಅತ್ತೆಯ ಬಳಿ ಬಿಟ್ಟು ಅಮ್ಮ ಹೆರಿಂಗ್ ಮೀನು ಸೀಳುವ ಹೆಂಗಸರ ಜೊತೆ ದೂರದ ದಕ್ಷಿಣದ ಯಾರ್ಮತ್ ಬಂದರಿಗೆ ಹೋದಳು. ಮರಳಲಿಲ್ಲ. ‘ಇನ್ನೊಬ್ಬನನ್ನು ಕಟ್ಟಿಕೊಂಡಳು, ನೀನು ಬೇಡವಂತೆ,’ ಎಂದಷ್ಟೇ ಅಜ್ಜಿ ಹೇಳಿದ್ದಳು. ಊರಲ್ಲಿ ಅಮ್ಮನ ತವರಿನವರು ಯಾರೂ ಇರಲಿಲ್ಲ, ಕೇಳುವುದಾದರೂ ಯಾರನ್ನು? ಅವಳ ಸಮಾಧಿ ಎಲ್ಲಿದೆ ಎಂದು ತಿಳಿಯದೆ ಸಾಯಬಾರದು ಎಂಬುದೊಂದೇ ಈಗ ಅವನ ಹಟ.

“ಆ ಎರಡನೇ ಗಂಡ ಯಾರು ಅಂತ ಗೊತ್ತಾ ನಿಂಗೆ?” ಎಂದಳು ಊನಾ.

“ಗೊತ್ತಿದ್ರೆ ನಿನ್ನ ಈ ಕಲಗಚ್ಚು ಚಹಾ ಕುಡಿಯೋಕೆ ಯಾಕೆ ಬರ್ತಿದ್ದೆ?”

“ಹಾಗಾದ್ರೆ ಅವನು ಸ್ಲೇಟರ್ ಅಲ್ಲ ಅಂತ ಯಾರು ಹೇಳಿದ್ರು ನಿಂಗೆ?”

ಜಾರ್ಜ್ ತಾನು ತಳ್ಳಿದ್ದ ಪತ್ರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ಆ ಕರಾವಳಿಯಲ್ಲಿ ಸ್ಲೇಟರ್‌ಗಳು ಎಷ್ಟು ಜನ ಎಂದರೆ, ಅಡ್ಡಹೆಸರಿಲ್ಲದೆ ಅಂಚೆಯವನು ಕಾಗದ ಮುಟ್ಟಿಸಲಾರ. ಅವನನ್ನೇ ಊರು ‘ಬಾಬಿನ್’ ಜಾರ್ಜ್ ಎನ್ನುತ್ತಿತ್ತು. ಮರುಮದುವೆಯಾದವಳ ಹೆಸರು ಬದಲಾಗಿಯೇ ಇರಬೇಕೆಂದುಕೊಂಡು, ಸ್ಲೇಟರ್ ಎಂದು ಕಂಡವರನ್ನೆಲ್ಲ ಅವನು ದಾಟಿಕೊಂಡು ಹೋಗಿದ್ದ.

“ಯಾವ ಸ್ಲೇಟರ್?” ಎಂದ.

“ಪೋರ್ಟ್‌ಸಾಯ್ ಕಡೆಯವನು. ಅಲೆಕ್ಸಾಂಡರ್. ನಮ್ಮಲ್ಲಿ ಹೆಂಗಸು ಸತ್ತಾಗ ಬರೀ ಕೊನೇ ಗಂಡನ ಹೆಸರು ಬರೆದು ಕೈ ತೊಳ್ಕೊಳ್ಳಲ್ಲ ಮಾರಾಯ, ಎಲ್ಲ ಗಂಡಂದಿರನ್ನೂ ಬರೀತಾರೆ. ಸೂಚಿಪಟ್ಟಿ ನೋಡಿ ಎದ್ದು ಹೋಗೋ ಬದಲು ಪತ್ರ ತರಿಸಿ ಓದಬೇಕಿತ್ತು.”

ಜಾರ್ಜ್ ಕನ್ನಡಕ ಹಾಕಿಕೊಂಡು ಓದಿದ. ಮೊದಲ ಪತಿ: ಜಾನ್ ಸ್ಲೇಟರ್, ಮೀನುಗಾರ, ಪೋರ್ಟ್‌ನಾಕಿ. ಎರಡನೆಯ ಪತಿ: ಅಲೆಕ್ಸಾಂಡರ್ ಸ್ಲೇಟರ್, ಮೀನುಗಾರ. ತಂದೆ ವಿಲಿಯಂ ಮೇರ್, ತಾಯಿ ಎಲ್ಸ್‌ಪೆಟ್ ವುಡ್. ಅವನ ಅಪ್ಪ ಅಮ್ಮನ ಮದುವೆಯ ದಾಖಲೆಯಲ್ಲಿದ್ದುದೂ ಇವೇ ಹೆಸರುಗಳು.

“ಅಬರ್ಡೀನ್‌ನಲ್ಲೇ ಇದ್ದಳು,” ಎಂದ. ದನಿ ಗಡುಸಾಗಿತ್ತು. “ಇಷ್ಟು ಹತ್ತಿರ ಇದ್ದೂ ಒಂದು ದಿನ ಬಂದು ನೋಡಲಿಲ್ಲ. ಅಜ್ಜಿ ಹೇಳಿದ್ದು ನಿಜ. ಸಾಕು ಬಿಡು, ಸಮಾಧಿ ಎಲ್ಲಿ ಅಂತ ಗೊತ್ತಾಗುತ್ತಲ್ಲ.” ಎದ್ದು ಕೋಟಿಗೆ ಕೈ ಹಾಕಿದ.

“ಕೂತ್ಕೋ. ಸಾವಿನ ಸುದ್ದಿ ಕೊಟ್ಟವರು ಯಾರು ಅಂತ ಕೆಳಗಿದೆ ನೋಡು.”

ಜಾರ್ಜೀನಾ ಲೈಪರ್, ಮಗಳು. ಕೆಳಗೆ ಅಬರ್ಡೀನ್‌ನ ಟೋರಿ ಎಂಬ ಕೇರಿಯ ಬೀದಿಯೊಂದರ ವಿಳಾಸ.

ಜಾರ್ಜ್ ನಿಂತೇ ಇದ್ದ. ತಾತನ ಹೆಸರಿಗೆ ಬಾಲ ಸೇರಿಸಿ, ಜಾರ್ಜ್ ಎಂಬುದನ್ನು ಜಾರ್ಜೀನಾ ಮಾಡಿ, ಹೆಣ್ಣುಮಗುವಿಗೆ ಇಡುವುದು ಅಲ್ಲೆಲ್ಲ ರೂಢಿ. “ಅಲೆಕ್ಸಾಂಡರನ ಅಪ್ಪ ಜಾರ್ಜ್ ಅಂತ ಇರಬೇಕು,” ಎಂದ.

“ಜೇಮ್ಸ್. ಅವರ ಮದುವೆ ದಾಖಲೆಯಲ್ಲಿದೆ.”

“ಅಮ್ಮನ ಕಡೆಯಿಂದ?”

“ತಾತ ವಿಲಿಯಂ, ನೀನೇ ಈಗ ಓದಿದೆಯಲ್ಲ. ಎರಡೂ ಕಡೆಯ ಅಣ್ಣತಮ್ಮಂದಿರನ್ನೂ ನೋಡಿದೆ. ಅಲ್ಲೆಲ್ಲೂ ಜಾರ್ಜ್ ಇಲ್ಲ. ಅವಳ ಬದುಕಿನಲ್ಲಿ ನಂಗೆ ಸಿಕ್ಕಿದ್ದು ಒಬ್ಬನೇ ಜಾರ್ಜ್.”

ಅವನು ಕೋಟು ಬಿಟ್ಟು ಕುಳಿತ. “ಇಪ್ಪತ್ತು ವರ್ಷದ ಹಿಂದಿನ ವಿಳಾಸ. ಈಗ ಯಾರಿದ್ದಾರೋ,” ಎಂದ.

“ಲೈಪರ್ ಅಂತಲೇ ಇದೆ, ಟೆಲಿಫೋನ್ ಪುಸ್ತಕ ನೋಡಿದೆ,” ಎನ್ನುತ್ತ ಊನಾ ನಂಬರು ಒತ್ತಿ ಫೋನನ್ನು ಅವನ ಕೈಗೆ ತುರುಕಿದಳು.

“ಏ, ನೀನೇ ಮಾತಾಡೇ!”

“ನಂಗೇನು ಸಂಬಂಧ? ಅವಳಿಗಿಟ್ಟಿದ್ದು ನನ್ನ ಹೆಸರಲ್ಲ.”

ಆ ಕಡೆ ಹೆಂಗಸೊಬ್ಬಳು, “ಯಾರು?” ಎಂದಳು.

“ನಾನು ಜಾರ್ಜ್ ಸ್ಲೇಟರ್ ಅಂತ. ನಿಮ್ಮ ತಾಯಿ ಬೆಥಿಯಾ ಮೇರ್ ಅವರ…”

ಅತ್ತ ಎಲ್ಲೋ ಚಹಾದ ಕೆಟಲ್ ಸೀಟಿ ಹಾಕುತ್ತಿತ್ತು. ಯಾರೂ ಅದನ್ನು ಇಳಿಸಲಿಲ್ಲ. ಆಮೇಲೆ ಆ ಹೆಂಗಸು, ಸಮುದ್ರದಾಚೆಯವನಿಗೆ ಕೇಳಿಸಬೇಕು ಎನ್ನುವಂತೆ ಕೂಗಿದಳು: “ಜಾರ್ಜ್? ಕೆನಡಾದಿಂದ ಮಾತಾಡ್ತಿದ್ದೀಯಾ?”

“ಕೆನಡಾ?”

“ನಿಮ್ಮಜ್ಜಿ ನಿನ್ನನ್ನ ಅಲ್ಲಿಗೆ ಕಳಿಸಿಬಿಟ್ಟೆ ಅಂದಿದ್ದಳಂತೆ! ನಿನ್ನನ್ನ ಹುಡುಕಿಕೊಡಿ ಅಂತ ಅಮ್ಮ ಕೊನೇತನಕ ಅಲ್ಲಿನವರಿಗೆಲ್ಲ ಕಾಗದ ಬರೀತಾನೇ ಇದ್ದಳು!”

ಜಾರ್ಜ್ ಕಿಟಕಿಯಾಚೆ ನೋಡಿದ. ಬಂದರಿನ ಮೇಲಿನ ದಿಬ್ಬದಲ್ಲಿ ಅಜ್ಜಿಯ ಮನೆ, ಅವನು ಹುಟ್ಟಿದಾಗಿನಿಂದ ಬಿಟ್ಟು ಕದಲದ ಮನೆ, ಹೊಗೆಕೊಳವೆ ಸಮೇತ ಕಾಣುತ್ತಿತ್ತು.

“ಅಷ್ಟು ಜೋರಾಗಿ ಕೂಗಬೇಡ, ತಂಗೀ,” ಎಂದ. “ನಾನು ಒಂದು ಬಸ್ಸು ಹತ್ತಿ ಬರೋವಷ್ಟು ದೂರದಲ್ಲಿ ಇದ್ದೀನಿ.”