ಹಾಡಿನ ಸೆಟ್ ಹಾಕಿಸಿದ ಕಾರು

ಕಪ್ಪು ಇನ್ಸುಲೇಷನ್ ಟೇಪಿನ ವಾಸನೆ ಬಂದರೆ ಈಗಲೂ ನನಗೆ ಉಪ್ಪುಂದದ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ. ವರ್ಷಕ್ಕೊಮ್ಮೆ ಬರುತ್ತಿದ್ದ ಅಪ್ಪಯ್ಯ ಅಂದು ಮುಂಬೈಯ ಹೋಟೆಲ್ ಕೆಲಸಕ್ಕೆ ಹೊರಟಿದ್ದರು. ಕಾರು ಸ್ಟಾರ್ಟೇ ಆಗಲಿಲ್ಲ. ಹಿಂದಿನ ದಿನವಷ್ಟೇ ಅದಕ್ಕೆ ಹೊಸ ಹಾಡಿನ ಸೆಟ್ ಹಾಕಿಸಿದ್ದರು.

ಎಲೆಕ್ಟ್ರಿಷಿಯನ್ ಬಂದು ವೈರುಗಳನ್ನೆಲ್ಲ ತಡಕಿ ನೋಡತೊಡಗಿದ. ತೊಂದರೆ ಏನೆಂದು ಗೊತ್ತಾಗದಿರಲಿ ಎಂದು ನಾನು ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತಿದ್ದೆ.

"ಸಿಕ್ತ್ ಕಾಣಿ! ಸೆಟ್ಟಿನ ವೈರ್ ಸೀದಾ ಬ್ಯಾಟರಿಗೇ ಕೊಟ್ಟಿದ್ರ್. ಕೀ ತೆಗ್ದ್ರೂ ಕರೆಂಟ್ ಎಳೀತಾ ಇತ್ತ್," ಎಂದ. ವೈರು ಬದಲಿಸಿ, ಟೇಪು ಸುತ್ತಿ, ಬೇರೆ ಬ್ಯಾಟರಿಯಿಂದ ಸ್ಟಾರ್ಟ್ ಮಾಡಿಯೂ ಕೊಟ್ಟ.

"ಸದ್ಯ, ಹೊತ್ತಿಗೆ ಸರಿಯಾಯ್ತ್," ಎಂದಳು ಅಮ್ಮ.

ಅಪ್ಪಯ್ಯ ನನ್ನನ್ನೇ ನೋಡುತ್ತಿದ್ದರು. "ಇನ್ನೊಂದ್ ಸಲ ಸಮಾ ಕಾಣ್ ಮಾರಾಯಾ," ಎಂದರು ಅವನಿಗೆ.

ಅವನು ಪಾಪ, ಮತ್ತೊಮ್ಮೆ ಎಲ್ಲ ಬಿಚ್ಚಿ ನೋಡಿದ. ಬೇರೇನೂ ಕೆಟ್ಟಿರಲಿಲ್ಲ. ನಾಲ್ಕು ಗಂಟೆಗೆ ಅಂಗಳ ಖಾಲಿಯಾಗಿತ್ತು.