ಎರಡನೆಯ ಸಹಿ

ದೇವದಾಸ ತೀರಿಕೊಂಡ ಸುದ್ದಿ ಬಂದಾಗ ಶಿವಕಾಂತ ದುರ್ಬೀನಿನ ಗಾಜು ಒರೆಸುತ್ತಿದ್ದ. ಒರೆಸುವ ಕೈ ನಿಲ್ಲಲಿಲ್ಲ.

ಇಬ್ಬರೂ ಬೀದರಿನವರು. ನಾಸಿಕದ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಒಂದೇ ಪಾಳಿ. ನಿವೃತ್ತರಾದ ಮೇಲೆ ಪ್ರತಿ ಚಳಿಗಾಲ ಅರಣ್ಯ ಇಲಾಖೆಗಾಗಿ ನಾಂದೂರ್ ಮಧ್ಯಮೇಶ್ವರ ಅಣೆಕಟ್ಟಿನ ಹಿನ್ನೀರಿನಲ್ಲಿ ಹಕ್ಕಿ, ಪ್ರಾಣಿಗಳನ್ನು ಎಣಿಸುತ್ತಿದ್ದರು. ಒಂದು ದೋಣಿ, ಇಬ್ಬರು ಜನ, ಹಾಳೆಯ ಕೆಳಗೆ ಎರಡು ಸಹಿ. ಒಂದು ಸಹಿ ಇಲ್ಲದಿದ್ದರೂ ಕಂಡದ್ದು ದಾಖಲೆಗೆ ಸೇರದು.

ಆದರೆ ಪತ್ರಿಕೆಯಲ್ಲಿ ಬರುತ್ತಿದ್ದುದು ದೇವದಾಸನ ಪಟ. ಅಧಿಕಾರಿಗಳು ಎದ್ದು ನಿಂತು ಮಾತಾಡಿಸುತ್ತಿದ್ದುದೂ ಅವನನ್ನೇ. ಶಿವಕಾಂತ ಅವರಿಗೆ "ಸಾಹೇಬರ ಜೊತೆ ಬರುವವರು". ಹದಿನಾಲ್ಕು ವರ್ಷ ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿತ್ತು.

ಹೋದ ಚಳಿಗಾಲ ದೇವದಾಸ ಜೊಂಡಿನತ್ತ ಕೈಮಾಡಿ ಕೂಗಿದ: "ನೀರುನಾಯಿ! ಎರಡು!" ಅಳಿವಿನ ಭಯವಿರುವ ಜೀವಿಗಳ ಪಟ್ಟಿಯಲ್ಲಿದ್ದ ಪ್ರಾಣಿ. ದಾಖಲಾದರೆ ಆ ದಡಕ್ಕೆ ಕಾವಲು ಬರುತ್ತಿತ್ತು.

"ನನಗೇನೂ ಕಾಣ್ಲಿಲ್ಲಪ್ಪ. ಮುಂಗುಸಿ ಇರಬೇಕು ಬಿಡು," ಎಂದ ಶಿವಕಾಂತ.

ಸಹಿ ಹಾಕಲಿಲ್ಲ. ಬೇರೆ ದೋಣಿಗಳಲ್ಲಿ ಎಣಿಕೆಗೆ ಬಂದವರೆಲ್ಲ ದೇವದಾಸನನ್ನು ನೋಡಿ ನಕ್ಕರು. ಅವನು ಮತ್ತೆ ದೋಣಿ ಹತ್ತಲಿಲ್ಲ. ಶಿವಕಾಂತ ಮಾತ್ರ ಪ್ರತಿ ಭಾನುವಾರ ಒಬ್ಬನೇ ಆ ದಡಕ್ಕೆ ಹೋಗತೊಡಗಿದ.

"ಇಲ್ಲದ ಪ್ರಾಣಿ ನೋಡ್ಲಾಕ ವಾರಾವಾರ ಯಾಕ ಹೋಗ್ತೀರಿ?" ಎಂದು ಹೆಂಡತಿ ಲತಾ ಚುಚ್ಚಿದಳು.

"ಖಾತ್ರಿ ಮಾಡ್ಕೊಳ್ಳಾಕ," ಎಂದ.

ದೇವದಾಸ ತೀರಿಕೊಂಡ ಹತ್ತನೆಯ ದಿನ ನಾಸಿಕದಲ್ಲಿ ಗೋದಾವರಿಯ ಸ್ನಾನಘಟ್ಟದ ಮೇಲೆ ಪಿಂಡ ಇಟ್ಟರು. ಕಾಗೆ ಬಂದು ಗೋಡೆಯ ಮೇಲೆ ಕೂತಿತು, ಇಳಿಯಲಿಲ್ಲ. ಹೋದವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರು ಪುರೋಹಿತರು. "ಅವ್ವನ್ನ ಚಲೋ ನೋಡ್ಕೋತೀನಿ ಅಪ್ಪಾ," ಎಂದು ಮಗ ಗುರುಪ್ರಸಾದ ಮಾತು ಕೊಟ್ಟ. ಕಾಗೆ ಮುಖ ತಿರುಗಿಸಿತು.

"ಕಡೀತನಕ ಒಂದೇ ಮಾತು, ನಾ ಸುಳ್ಳು ಹೇಳಿಲ್ಲ ಅಂತ," ಎಂದು ದೇವದಾಸನ ಹೆಂಡತಿ ಕಾಶಿಬಾಯಿ ಬಿಕ್ಕಿದಳು.

ಶಿವಕಾಂತ ಮುಂದೆ ಬಂದ. ಪಿಂಡದ ಬಳಿ ಬಗ್ಗಿ, ತುಟಿಯಲ್ಲೇ ಏನೋ ಹೇಳಿದ. ಕಾಗೆ ರೆಕ್ಕೆ ಬಿಚ್ಚಿ ನೇರ ಇಳಿದು ಅಗುಳು ಕಚ್ಚಿತು.

"ಏನಂದ್ರಿ ಅಣ್ಣಾ?" ಎಂದಳು ಕಾಶಿಬಾಯಿ.

ಶಿವಕಾಂತ ನದಿಯ ಕಡೆಗೆ ಕೈ ಮುಗಿದು, ಅದೇ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿದ: "ಎರಡಲ್ಲೋ ದೇವದಾಸ, ಈಗ ಐದು. ಮೂರು ಮರಿ ಅದಾವ. ಅವತ್ತು ನಿನಕಿಂತ ಮೊದಲ ನಾನೇ ನೋಡಿದ್ದೆ. ನಾಳೆ ನಿನ್ನ ಸಹಿ ಕೆಳಗ ನನ್ನ ಸಹಿ ಹಾಕ್ತೀನಿ. ತ್ರ್ಯಂಬಕೇಶ್ವರಾ, ನನ್ನ ಗೆಳೆಯಗ ಶಾಂತಿ ಕೊಡಪ್ಪಾ."